ಮಳೆಗಾಲದಲ್ಲಿ ಟೆಕ್ ಲೈವ್: ಹಳೆಯದನ್ನು ಕೆಡಿಸದೆ ಹೊಸದನ್ನು ಹಾಕಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ಶಂಕರಘಟ್ಟದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕನ್ನಡವೂ ಗಣಿತದ ಸಮೀಕರಣಗಳೂ ಇರುವ ಪ್ರಬಂಧವನ್ನು ಟೆಕ್ ಲೈವ್ 2023ರಲ್ಲಿ (ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವೂ ಅದರ ಪೂರಕ ಪ್ಯಾಕೇಜುಗಳೂ ಇರುವ ಸಂಚಿ) ಸಿದ್ಧಪಡಿಸುತ್ತಿದ್ದೇನೆ. ಈಗ ಒಂದು ಪ್ಯಾಕೇಜನ್ನು ಅಪ್‌ಡೇಟ್ ಮಾಡಲು ಹೋದರೆ, ನಿಮ್ಮ ಆವೃತ್ತಿ ಹಳೆಯದು ಎಂದು ಟೆಕ್ ಲೈವ್‌ನ ಪ್ಯಾಕೇಜ್ ಮ್ಯಾನೇಜರ್ ನಿರಾಕರಿಸುತ್ತದೆ. 2025ರ ಆವೃತ್ತಿಯನ್ನು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಹಾಕಿಕೊಳ್ಳಲು ಮೂರು ಸಲ ಯತ್ನಿಸಿದೆ. ಕರೆಂಟ್ ಹೋದೊಡನೆ ಟವರ್ ಕೂಡ ಹೋಗಿ ಕೆಲಸ ಅರ್ಧಕ್ಕೇ ನಿಂತಿತು. ಗೆಳತಿಯ ಕಂಪ್ಯೂಟರಿನಲ್ಲಿ 2025 ಇದೆಯಾದರೂ ಅಲ್ಲಿ ನನ್ನ ಕಡತದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದವು. ಇಬ್ಬರದೂ ವಿಂಡೋಸ್. ಏನು ಮಾಡಲಿ?

ಉತ್ತರ: ಮೊದಲಿಗೆ, ಮ್ಯಾನೇಜರ್ ನಿರಾಕರಿಸಿದ್ದು ನಿಮ್ಮ ತಪ್ಪಿನಿಂದಲ್ಲ, ನಿಮ್ಮ ಕಂಪ್ಯೂಟರ್ ಕೆಟ್ಟದ್ದರಿಂದಲೂ ಅಲ್ಲ. ಟೆಕ್ ಲೈವ್ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾರ್ಚ್ ಅಥವಾ ಏಪ್ರಿಲ್ ಸುಮಾರಿಗೆ, ಹೊಸ ಆವೃತ್ತಿಯಾಗಿ ಹೊರಬರುತ್ತದೆ. ಅದರೊಂದಿಗೆ ಹಿಂದಿನ ವರ್ಷದ ಆವೃತ್ತಿ ಇದ್ದಲ್ಲಿಗೇ ಸ್ಥಗಿತಗೊಳ್ಳುತ್ತದೆ. ಹಾಗೆ ಸ್ಥಗಿತಗೊಂಡ ಆವೃತ್ತಿ ಕೆಲಸ ಮಾಡುವುದನ್ನು ನಿಲ್ಲಿಸುವುದಿಲ್ಲ, ಹೊಸ ಪ್ಯಾಕೇಜುಗಳನ್ನು ಪಡೆಯುವುದನ್ನು ಮಾತ್ರ ನಿಲ್ಲಿಸುತ್ತದೆ. ಹಳೆಯದರ ಮೇಲೆಯೇ ಹೊಸದನ್ನು ಎಳೆದು ತರುವ ದಾರಿ ಇದೆಯಾದರೂ, ಪ್ರಬಂಧ ಮುಗಿಯುವ ಹಂತದಲ್ಲಿರುವವರಿಗೆ ಅದನ್ನು ನಾನು ಖಂಡಿತ ಸೂಚಿಸುವುದಿಲ್ಲ. ಸಿ ಡ್ರೈವಿನ ಟೆಕ್‌ಲೈವ್ ಫೋಲ್ಡರಿನೊಳಗೆ ಪ್ರತಿ ವರ್ಷದ ಆವೃತ್ತಿಗೂ ಪ್ರತ್ಯೇಕ ಫೋಲ್ಡರ್ ಇರುವುದರಿಂದ 2023 ಮತ್ತು 2025 ಅಕ್ಕಪಕ್ಕದಲ್ಲಿ ಇರಬಲ್ಲವು. ಅರ್ಧಕ್ಕೆ ನಿಂತ 2025ರ ಫೋಲ್ಡರನ್ನು ಅಳಿಸಿರಿ, 2023ನ್ನು ಮುಟ್ಟಬೇಡಿ.

ಇನ್ನು ಇನ್‌ಸ್ಟಾಲ್ ಮಾಡುವ ವಿಚಾರ. ನೀವು ಬಳಸಿದ ಇನ್‌ಸ್ಟಾಲರ್ ಸಾವಿರಾರು ಪ್ಯಾಕೇಜುಗಳನ್ನು ಒಂದೊಂದಾಗಿ ಜಾಲದಿಂದ ತರಿಸಿಕೊಳ್ಳುತ್ತದೆ. ಆಗುಂಬೆ, ಹೊಸನಗರದ ಕಡೆಯ ಜೂನ್–ಜುಲೈ ಮಳೆಯಲ್ಲಿ ಅಷ್ಟು ಹೊತ್ತು ಸಂಪರ್ಕ ಕಡಿಯದೆ ಉಳಿಯಲಿ ಎಂದು ಆಶಿಸುವುದಕ್ಕಿಂತ, ಎಲ್ಲವನ್ನೂ ಒಳಗೊಂಡ ಐಎಸ್‌ಒ ಕಡತವನ್ನು (ಇಡೀ ಡಿಸ್ಕಿನ ನಕಲಾದ ಒಂದೇ ಕಡತ) ಶಂಕರಘಟ್ಟದಲ್ಲೋ ಶಿವಮೊಗ್ಗದಲ್ಲೋ ಒಳ್ಳೆಯ ಸಂಪರ್ಕವಿರುವಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಮನೆಗೆ ತರುವುದು ಮೇಲು. ಈ ಕಡತ 4 ಜಿಬಿಗಿಂತ ದೊಡ್ಡದು. ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿಬಿ ಮೀರಿದ ಒಂದೇ ಕಡತವನ್ನು ಸ್ವೀಕರಿಸುವುದಿಲ್ಲ. ಜಾಗ ಎಷ್ಟೇ ಖಾಲಿ ಇದ್ದರೂ ನಕಲು ಆಗುವುದಿಲ್ಲ. ಆದ್ದರಿಂದ ಪೆನ್‌ಡ್ರೈವನ್ನು ಮೊದಲೇ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿಕೊಳ್ಳಿ (ಹಾಗೆ ಮಾಡಿದಾಗ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ). ಇಳಿಸಿಕೊಂಡ ಕಡತ ಪೂರ್ಣವಾಗಿದೆಯೇ ಎಂಬುದನ್ನು ಅಲ್ಲಿಯೇ ಪರೀಕ್ಷಿಸಿ: ಐಎಸ್‌ಒ ಜೊತೆಗೇ ಎಸ್‌ಎಚ್‌ಎ512 ಎಂಬ ಉದ್ದನೆಯ ತಾಳೆಸಂಖ್ಯೆಯ ಕಡತವನ್ನೂ ಕೊಟ್ಟಿರುತ್ತಾರೆ, ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ನಿಮ್ಮ ಕಡತದ ಸಂಖ್ಯೆಯನ್ನು ತೆಗೆದು ಎರಡನ್ನೂ ತಾಳೆ ನೋಡಿರಿ. ಊರಿಗೆ ಬಂದ ಮೇಲೆ ಕಡತ ಮುರಿದಿದೆ ಎಂದು ತಿಳಿದರೆ ಮತ್ತೆ ಬಸ್ಸು ಹತ್ತಬೇಕಾಗುತ್ತದೆ.

ಮನೆಯಲ್ಲಿ ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ 10 ಮತ್ತು 11 ಅದನ್ನು ಡಿಸ್ಕಿನಂತೆ ತೆರೆಯುತ್ತವೆ. ಅದರೊಳಗಿನ ಇನ್‌ಸ್ಟಾಲರನ್ನು ಚಲಾಯಿಸಿದರೆ ಜಾಲದ ಅಗತ್ಯವೇ ಇರುವುದಿಲ್ಲ. ಪೂರ್ಣ ಸಂಚಿಗೆ ಹಾರ್ಡ್‌ಡಿಸ್ಕಿನಲ್ಲಿ 10 ಜಿಬಿಯಷ್ಟಾದರೂ ಖಾಲಿ ಇರಲಿ, ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ. ಮುಂದೆ ಪಟ್ಟಣಕ್ಕೆ ಬಂದಾಗ ಅಪ್‌ಡೇಟ್ ಮಾಡುವುದಾದರೆ ಮ್ಯಾನೇಜರ್ ಮೊದಲು ತನ್ನನ್ನು ತಾನು ನವೀಕರಿಸಿಕೊಳ್ಳಲಿ, ಅನಂತರ ಉಳಿದ ಪ್ಯಾಕೇಜುಗಳ ಸರದಿ.

ಹೊಸದು ಬಂದ ಮೇಲೂ ನಿಮ್ಮ ಎಡಿಟರ್ ಹಳೆಯದನ್ನೇ ಕರೆಯುತ್ತಿರಬಹುದು. ಪ್ರಬಂಧವನ್ನು ಒಮ್ಮೆ ಸಂಕಲಿಸಿ (ಕಂಪೈಲ್ ಮಾಡಿ), ಆಗ ಹುಟ್ಟಿದ ಲಾಗ್ ಕಡತದ, ಅಂದರೆ ಸಂಕಲನದ ವರದಿಯ, ಮೊದಲ ಸಾಲನ್ನು ಓದಿ. ಯಾವ ವರ್ಷದ ಟೆಕ್ ಲೈವ್ ಎಂಬುದು ಅಲ್ಲಿಯೇ ಬರೆದಿರುತ್ತದೆ. ಕನ್ನಡದಂಥ ಲಿಪಿಗಳಿಗೆ ಬಳಸುವ ಟೆಕ್‌ನ ಒಂದು ರೂಪವಾದ ಝೀಲಾಟೆಕ್‌ನಿಂದ ಸಂಕಲಿಸಿದ್ದರೆ ಅದೇ ಸಾಲಿನಲ್ಲಿ 3.141592653 ಎಂಬ ಸಂಖ್ಯೆಯೂ ಕಾಣುತ್ತದೆ: ಟೆಕ್‌ನ ನಿರ್ಮಾತೃ ಡೊನಾಲ್ಡ್ ನೂತ್ ತಮ್ಮ ತಂತ್ರಾಂಶದ ಆವೃತ್ತಿಸಂಖ್ಯೆ ಪೈ ಬೆಲೆಯತ್ತ ಸಾಗಬೇಕೆಂದು ನಿಶ್ಚಯಿಸಿದ್ದಾರೆ, ಮೂಲ ಟೆಕ್ ಬದಲಾಗದ ಕಾರಣ ಅದು 2023 ಮತ್ತು 2025ರಲ್ಲಿ ಒಂದೇ ಆಗಿರುತ್ತದೆ. ಆ ಸಂಖ್ಯೆ ನೋಡಿ ಅಪ್‌ಡೇಟ್ ಆಗಿಲ್ಲವೆಂದು ಭಾವಿಸಬೇಡಿ. ಪ್ರಬಂಧದ ಸ್ಟೈಲ್ ಕಡತಗಳನ್ನು (ಪುಟವಿನ್ಯಾಸದ ಸೂಚನೆಗಳಿರುವ ಕಡತಗಳು) ನೀವು 2023ರ ಫೋಲ್ಡರಿನೊಳಗೆ ಹಾಕಿದ್ದರೆ 2025ಕ್ಕೆ ಅವು ಕಾಣುವುದಿಲ್ಲ. ವರ್ಷದ ಫೋಲ್ಡರುಗಳ ಪಕ್ಕದಲ್ಲಿರುವ ಟೆಕ್ಸ್‌ಎಂಎಫ್-ಲೋಕಲ್ ಫೋಲ್ಡರಿನಲ್ಲಿ ಇಟ್ಟರೆ ಎರಡೂ ಆವೃತ್ತಿಗಳು ಬಳಸಿಕೊಳ್ಳುತ್ತವೆ.

ಒತ್ತಕ್ಷರ ಬಿಡಿಬಿಡಿಯಾಗುವುದಕ್ಕೂ ಇನ್‌ಸ್ಟಾಲ್ ಕೆಟ್ಟದ್ದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಝೀಲಾಟೆಕ್‌ನಲ್ಲಿ ಫಾಂಟನ್ನು ಹೆಸರಿಸುವಾಗ ಲಿಪಿ ಕನ್ನಡ ಎಂದು ಜೊತೆಯಲ್ಲೇ ಸೂಚಿಸದಿದ್ದರೆ, ಅಕ್ಷರಗಳನ್ನು ಕೂಡಿಸುವ ಕನ್ನಡದ ನಿಯಮಗಳು ಜಾರಿಗೆ ಬರುವುದಿಲ್ಲ. ಅಂಥದೇ ಇನ್ನೊಂದು ರೂಪವಾದ ಲುವಾಲಾಟೆಕ್‌ನಲ್ಲಿ ಇದರೊಂದಿಗೆ ರೆಂಡರರ್ (ಅಕ್ಷರಗಳನ್ನು ಕೂಡಿಸಿ ರೂಪಿಸುವ ಭಾಗ) ಹಾರ್ಫ್‌ಬಜ್ ಎಂದೂ ಹೇಳಬೇಕು. ನಿಮ್ಮ ಎಡಿಟರ್ ಝೀಲಾಟೆಕ್ ಬಳಸುತ್ತಿದ್ದು ಗೆಳತಿಯದು ಲುವಾಲಾಟೆಕ್ ಬಳಸಿದ್ದರೆ, ಅದೇ ಕಡತ ಅಲ್ಲಿ ಕೆಟ್ಟದ್ದು ಸಹಜ. ಪರೀಕ್ಷೆಗೆ ನಿಮ್ಮ ತಾಲ್ಲೂಕಿನ ಹೆಸರೇ ಸಾಕು: ‘ತೀರ್ಥಹಳ್ಳಿ’ ಎಂಬಲ್ಲಿ ಅರ್ಕಾವೊತ್ತು, ದೀರ್ಘ, ಒತ್ತಕ್ಷರ ಮೂರೂ ಇವೆ, ಅದು ‘ತೀರ್‌ಥಹಳ್‌ಳಿ’ ಎಂದು ಮುರಿದು ಬಂದರೆ ಮೇಲಿನ ಸೂಚನೆಯೇ ತಪ್ಪಿದೆ ಎಂದರ್ಥ. ಅಕ್ಷರಗಳ ಬದಲು ಖಾಲಿ ಚೌಕಗಳು ಬಂದರೆ ಮಾತ್ರ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. ವಿಂಡೋಸ್‌ನ ಕನ್ನಡ ಫಾಂಟಾದ ತುಂಗಾ ಸಿಗುತ್ತಿಲ್ಲ ಎಂದು ದೂರು ಬಂದರೆ, ವಿಂಡೋಸ್ 10ರಿಂದ ಅದು ಐಚ್ಛಿಕವಾದ ಕನ್ನಡ ಪೂರಕ ಫಾಂಟುಗಳ ಗುಂಪಿಗೆ ಸೇರಿದೆ. ಸೆಟ್ಟಿಂಗ್ಸ್‌ನಿಂದ ಅದನ್ನು ಸೇರಿಸಿಕೊಳ್ಳಬೇಕು. ಹೊಸ ಫಾಂಟನ್ನು ಹಾಕುವಾಗ ‘ಎಲ್ಲ ಬಳಕೆದಾರರಿಗೆ’ ಎಂಬುದನ್ನೇ ಆರಿಸಿ. ಲುವಾಲಾಟೆಕ್ ಮೊದಲ ಸಲ ಫಾಂಟುಗಳ ಪಟ್ಟಿ ಕಟ್ಟಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಸ್ಥಗಿತಗೊಂಡಿತೆಂದು ತಿಳಿದು ಮಧ್ಯದಲ್ಲಿ ನಿಲ್ಲಿಸಬೇಡಿ.

2025ರಲ್ಲಿ ಇಡೀ ಪ್ರಬಂಧ ಸಂಕಲನವಾದ ಮೇಲೆ 2023ರ ಪಿಡಿಎಫ್‌ನೊಂದಿಗೆ ಪುಟಪುಟವಾಗಿ ಹೋಲಿಸಿ, ಮುಖ್ಯವಾಗಿ ಸಮೀಕರಣಗಳಿರುವ ಕಡೆ ಸಾಲುಗಳು ಮುರಿಯುವ ಜಾಗಗಳನ್ನು ಗಮನಿಸಿ. ಮೌಖಿಕ ಪರೀಕ್ಷೆಯ ಅನಂತರವೂ ತಿದ್ದುಪಡಿಗಳು ಬರುವುದುಂಟು. ಆದ್ದರಿಂದ ಅಂತಿಮ ಪ್ರತಿ ಬೈಂಡಿಗೆ ಹೋಗುವವರೆಗೆ 2023ನ್ನು ತೆಗೆಯಬೇಡಿ.