ರೈಲಿನ ಕಿಟಕಿಯಿಂದ ತೆಗೆದ ಫೋಟೋ ಮಸುಕಾಗುತ್ತಿದ್ದರೆ

ಮೀಟಿಂಗ್‌ಗೆ ಹೋಗುವಾಗ ರೈಲಿನಿಂದ ತೆಗೆದ ಹೊಲ, ಊರುಗಳ ಫೋಟೋಗಳೆಲ್ಲ ಮಸುಕಾಗಿವೆ, ಜೊತೆಗೆ ನಿಮ್ಮದೇ ಬಿಳಿ ಅಂಗಿಯೂ ಕಾಣುತ್ತದೆ ಎಂದು ಕೇಳಿದ್ದೀರಿ. ಮಸುಕಿಗೆ ಬಹುಶಃ ಶಟರ್ ವೇಗವೇ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) ಕಾರಣ, ನಿಮ್ಮ ಲೆನ್ಸ್ ಅಲ್ಲ. ಗಂಟೆಗೆ 100 ಕಿ.ಮೀ. ಓಡುವ ರೈಲು 1/60 ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಫೋಟೋ ನೋಡದೆ ಹೇಳುತ್ತಿದ್ದೇನೆ. ಹತ್ತಿರದ ಕಂಬ, ಬೇಲಿ ಮಾತ್ರ ಗೆರೆ ಎಳೆದಂತಿದ್ದರೆ ಶಟರ್. ಇಡೀ ಚಿತ್ರವೇ ಮಂಜಾಗಿದ್ದರೆ ಫೋಕಸ್, ಇಲ್ಲವೇ ಗಾಜಿನ ಕೊಳೆ.

ಮೊದಲು ಶಟರ್ ಪ್ರಯಾರಿಟಿಗೆ (ಶಟರ್ ವೇಗವನ್ನು ನೀವೇ ಆರಿಸುವ ಮೋಡ್) ಹಾಕಿ 1/1000 ಸೆಕೆಂಡ್ ಇಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿರಲಿ, ಸ್ವಲ್ಪ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಬಂದರೂ ಪರವಾಗಿಲ್ಲ. ಆಮೇಲೆ ದೂರದ ಮರವೊಂದಕ್ಕೆ ಫೋಕಸ್ ಮಾಡಿ, ಫೋಕಸನ್ನು ಮ್ಯಾನುಯಲ್‌ಗೆ ತಿರುಗಿಸಿಬಿಡಿ. ಇಲ್ಲದಿದ್ದರೆ ಕ್ಯಾಮೆರಾ ಗಾಜಿನ ಮೇಲಿನ ಮಳೆಹನಿಯನ್ನೇ ಹಿಡಿದುಕೊಂಡು ಕೂರುತ್ತದೆ.

ಚಿತ್ರದಲ್ಲಿ ನಿಮ್ಮದೇ ಬಿಳಿ ಅಂಗಿ ಕಾಣುತ್ತದೆ ಅಂದಿರಲ್ಲ, ಅದಕ್ಕೆ ಮೀಟಿಂಗ್‌ನ ಕಪ್ಪು ಕೋಟೇ ಸಾಕು. ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ ಹಿಡಿದು, ಸುತ್ತ ಕೋಟು ಮುಚ್ಚಿ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಲೆನ್ಸನ್ನು ಗಾಜಿಗೆ ಒತ್ತಬೇಡಿ, ರೈಲಿನ ಅದುರುವಿಕೆ ಕ್ಯಾಮೆರಾಗೂ ಬರುತ್ತದೆ. ಇದಕ್ಕಾಗಿ ಪೋಲರೈಸರ್ ಫಿಲ್ಟರ್ (ಪ್ರತಿಬಿಂಬ ಕಡಿಮೆ ಮಾಡಲು ಲೆನ್ಸಿಗೆ ಹಾಕುವ ಗಾಜು) ಸುಮ್ನೆ ಕೊಳ್ಳಬೇಡಿ. ಗಾಜಿಗೆ ನೇರ ಎದುರು ಹಿಡಿದರೆ ಅದು ಪ್ರತಿಬಿಂಬ ತೆಗೆಯುವುದಿಲ್ಲ, ಕೆಲವು ಕಿಟಕಿಗಳಲ್ಲಿ ಬಣ್ಣದ ಪಟ್ಟೆ ಬೇರೆ ಮೂಡಿಸುತ್ತದೆ.