ಪೈಂಟಿನ ಡಬ್ಬಿ ಆಮೇಲೆ ತೆರೆಯಿರಿ: ಶಾಲಾ ಸಿದ್ಧತೆ ಬಗ್ಗೆ ಓದುಗರ ಪ್ರಶ್ನೆಗಳು

ಜೂನ್ ಮೊದಲ ವಾರ ಶಾಲೆ ತೆರೆಯುವ ಮುನ್ನ ಶ್ರಮದಾನಕ್ಕೆ ಹೊರಟಿರುವ ಕಾಸರಗೋಡಿನ ಪಿಟಿಎ (ರಕ್ಷಕ-ಶಿಕ್ಷಕ ಸಂಘ), ಕ್ಲಬ್, ಕುಟುಂಬಶ್ರೀ (ಮಹಿಳಾ ಸ್ವಸಹಾಯ ಗುಂಪು) ಕಡೆಯವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಮೇ ಕೊನೆಯ ಎರಡು ಭಾನುವಾರ ಕ್ಲಬ್ಬಿನ ಮೂವತ್ತು ಮಂದಿ ನಮ್ಮೂರ ಶಾಲೆಯಲ್ಲಿ ಕೆಲಸ ಮಾಡುವುದೆಂದು ನಿಶ್ಚಯವಾಗಿದೆ. ಗೋಡೆಗೆ ಪೈಂಟ್ ಹೊಡೆಯುವುದು ಮುಖ್ಯ ಕೆಲಸ. ಬೇರೆ ಏನನ್ನು ಸೇರಿಸಬಹುದು?
— ಕ್ಲಬ್ ಕಾರ್ಯದರ್ಶಿ, ಪೆರ್ಲ

ಉತ್ತರ: ದಿನವನ್ನೂ ಕೆಲಸವನ್ನೂ ಎರಡನ್ನೂ ಬದಲಿಸಿ. ಮೇ ಕೊನೆಯ ವಾರವೆಂದರೆ ಮಳೆಗೆ ಸಿಕ್ಕಿಬಿದ್ದ ಹಾಗೆಯೇ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1 ಆದರೂ 2025ರಲ್ಲಿ ಮೇ 24ಕ್ಕೇ ಬಂದಿತ್ತು. ಹಿರಿಯರ ಲೆಕ್ಕವೇ ವಾಸಿ: ಮಾಡಿನ (ಸೂರಿನ) ಕೆಲಸ, ಮರದ ಕೆಲಸ, ಬಾವಿ ಕೆರೆಸುವುದು ಎಲ್ಲ ಪತ್ತನಾಜೆಗೆ (ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ) ಮೊದಲು ಮುಗಿಯಲಿ.

ಫೋಟೋದಲ್ಲಿ ಚಂದ ಕಾಣುತ್ತದೆಂದು ಎಲ್ಲರೂ ಮೊದಲು ಪೈಂಟಿಗೇ ಕೈಹಾಕುತ್ತಾರೆ. ಆಮೇಲೆ ಹಂಚು ಬದಲಿಸಲು ಬಂದ ಮೇಸ್ತ್ರಿ ಏಣಿಯನ್ನು ಅದೇ ಗೋಡೆಗೆ ಒರಗಿಸುತ್ತಾನೆ, ಮಾಡಿನಿಂದ ಕೆರೆದ ಹಾವಸೆಯ ನೀರು ಅದೇ ಗೋಡೆಯ ಮೇಲೆ ಇಳಿಯುತ್ತದೆ. ಮೊದಲು ಮರದ ಗೆಲ್ಲು, ಅನಂತರ ಮಾಡು, ಆಮೇಲೆ ವಯರಿಂಗ್, ನೀರು, ಶೌಚಾಲಯ, ನೆಲದ ಬಿರುಕು, ಪೈಂಟ್ ಕಟ್ಟಕಡೆಗೆ. ಬೇಸಿಗೆ ಮಳೆಗೆ ನೆನೆದ ಗೋಡೆ ಪೂರ್ತಿ ಒಣಗದೆ ಎಮಲ್ಷನ್ ಹೊಡೆದರೆ ಓಣಂ ರಜೆಯೊಳಗೆ ಹೊಪ್ಪಳೆ ಏಳುತ್ತದೆ.

ಶಾಲೆ ತೆರೆಯಬೇಕಾದರೆ ಪಂಚಾಯತಿನ ಎಂಜಿನಿಯರ್ ಕಟ್ಟಡ ನೋಡಿ ಫಿಟ್‌ನೆಸ್ ಸರ್ಟಿಫಿಕೇಟು ಕೊಡಬೇಕು. ಕಳೆದ ಸಲ ಅವರು ಏನಾದರೂ ಆಕ್ಷೇಪ ಬರೆದಿದ್ದರೆ ಅದು ಹೆಡ್‌ಮಾಸ್ಟರರ ಕಡತದಲ್ಲಿರುತ್ತದೆ. ಕ್ಲಬ್ಬಿನ ಮೀಟಿಂಗಿಗೆ ಮೊದಲು ಅದನ್ನು ಕೇಳಿ ಓದಿ. ನಿಮ್ಮ ಪಟ್ಟಿಯ ಅರ್ಧ ಅಲ್ಲೇ ಸಿದ್ಧವಾಗಿರಬಹುದು.

ಪ್ರಶ್ನೆ: ಶಾಲೆ ತೆರೆಯುವ ಮೊದಲು ಬಾವಿಗೆ ಪ್ರತಿ ವರ್ಷ ಒಂದು ಕಿಲೋ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ವಾಸನೆ ಎಂದು ಮಕ್ಕಳು ವಾರವಿಡೀ ನೀರು ಕುಡಿಯುವುದಿಲ್ಲ. ಸರಿಯಾದ ಅಳತೆ ಎಷ್ಟು?
— ಪಿಟಿಎ ಸದಸ್ಯೆ, ಬದಿಯಡ್ಕ

ಉತ್ತರ: ಅಳತೆ ಬಾವಿಗಲ್ಲ, ಬಾವಿಯಲ್ಲಿರುವ ನೀರಿಗೆ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಇಳಿಸಿ ಮೇಲೆತ್ತಿ. ಹಗ್ಗ ಎಷ್ಟು ಉದ್ದ ನೆನೆದಿದೆಯೋ ಅದು ನೀರಿನ ಆಳ. ಬಾವಿಯ ಒಳಗಿನ ಅಡ್ಡಗಲವನ್ನು ಮೀಟರಿನಲ್ಲಿ ಅಳೆಯಿರಿ. ಅಡ್ಡಗಲವನ್ನು ಅಡ್ಡಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ಗೊತ್ತಾಗುತ್ತದೆ. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 14,700 ಲೀಟರ್.

ದಿನಬಳಕೆಯ ಶುದ್ಧೀಕರಣಕ್ಕೆ 1,000 ಲೀಟರಿಗೆ 2.5 ಗ್ರಾಂ ಸಾಕು. ರಜೆಯಲ್ಲಿ ಮುಚ್ಚಿದ್ದ ಬಾವಿಗೆ, ಕೆರೆಸಿದ ಬಾವಿಗೆ, ಅಥವಾ ಊರಲ್ಲಿ ಹಳದಿ ಕಾಮಾಲೆ ಇದ್ದರೆ 5 ಗ್ರಾಂ. ಮೇಲೆ ಹೇಳಿದ ಬಾವಿಗೆ ಮೊದಲ ಸಲಕ್ಕೆ 74 ಗ್ರಾಂ, ಆಮೇಲೆ 37 ಗ್ರಾಂ. ಅಂಥ ಬಾವಿಗೆ ಒಂದು ಕಿಲೋ ಸುರಿದರೆ ಹೆಚ್ಚಿನ ಪ್ರಮಾಣದ 13 ಪಟ್ಟು ಆಯಿತು. ಮಕ್ಕಳು ಮೂಗು ಮುಚ್ಚಿಕೊಳ್ಳದೆ ಇನ್ನೇನು ಮಾಡಿಯಾರು? ಅಂದಾಜು ಬೇಡ, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ.

ಹಾಕುವ ಕ್ರಮವೂ ಮುಖ್ಯ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೌಡರಿಗೆ ಸ್ವಲ್ಪವೇ ನೀರು ಬಿಟ್ಟು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗಂಟು ಒಡೆದ ಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿಸಿ. ಒಂದು ಬಕೆಟ್ಟಿಗೆ 100 ಗ್ರಾಮಿಗಿಂತ ಹೆಚ್ಚು ಹಾಕಬೇಡಿ. ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ಬೆಳ್ಳಗೆ ತಳ ಹಿಡಿಯುವುದು ಸುಣ್ಣ. ಅದು ಬಾವಿಗೆ ಬೇಡ, ನೀರಿನ ಗಡಸು ಹೆಚ್ಚಿಸುವುದಷ್ಟೇ ಅದರ ಕೆಲಸ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ನೀರಿನ ಅಡಿಯವರೆಗೆ ಇಳಿಸಿ, ಮೇಲೆ ಕೆಳಗೆ, ಆಚೆ ಈಚೆ ಚೆನ್ನಾಗಿ ಆಡಿಸಿ. ಒಣ ಪುಡಿಯನ್ನು ಕಟ್ಟೆಯ ಮೇಲಿಂದ ಎರಚಿದರೆ ಅದು ಮುದ್ದೆಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ನೀರಿಗೆ ಕ್ಲೋರಿನ್ ತಾಗುವುದೇ ಇಲ್ಲ, ತಳದ ಫುಟ್‌ವಾಲ್ವ್ (ಪಂಪಿನ ಪೈಪಿನ ಕೆಳಬಾಯಿ) ಎಳೆಯುವುದು ಮಾತ್ರ ಘಾಟು ನೀರು.

ಕನಿಷ್ಠ ಒಂದು ಗಂಟೆ ಬಿಡಬೇಕು. ಸಂಜೆ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ. ಒಂದು ಗಂಟೆಯ ಬಳಿಕ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆರೋಗ್ಯ ಕೇಂದ್ರದ ಜೂನಿಯರ್ ಹೆಲ್ತ್ ಇನ್ಸ್‌ಪೆಕ್ಟರರಿಗೆ ಹೇಳಿದರೆ ಬಂದು ಪರೀಕ್ಷಿಸುತ್ತಾರೆ. ಏನೂ ಉಳಿದಿಲ್ಲವೆಂದಾದರೆ ಕಾರಣ ಸಾಮಾನ್ಯವಾಗಿ ಎರಡು: ಪೌಡರ್ ಹಳತಾಗಿ ಸತ್ವ ಕಳೆದುಕೊಂಡಿದೆ (ಬಾಯಿ ತೆರೆದಿಟ್ಟ ಚೀಲ, ಗಂಟುಗಟ್ಟಿದ ಪುಡಿ), ಇಲ್ಲವೇ ನೀರು ಕದಡಿದೆ. ಮಳೆಯ ಕೆಂಪು ನೀರು ಇಳಿದ ಬಾವಿಯಲ್ಲಿ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ.

ಹೆಚ್ಚಿನವರು ಮರೆಯುವ ವಿಷಯ ಇನ್ನೊಂದು. ಮೇ ತಿಂಗಳಲ್ಲಿ ಮೂರು ಮೀಟರ್ ಇದ್ದ ನೀರು ಜುಲೈಯಲ್ಲಿ ಆರಕ್ಕೆ ಏರಿದರೆ ಪೌಡರೂ ಇಮ್ಮಡಿ ಬೇಕು. ಕಟ್ಟೆಯ ಒಳಮೈಯಲ್ಲಿ ಮೀಟರ್ ಗುರುತು ಹಾಕಿ, ಯಾವ ಗುರುತಿಗೆ ಎಷ್ಟು ಗ್ರಾಂ ಎಂದು ಪಂಪ್‌ಶೆಡ್ಡಿನ ಬಾಗಿಲಲ್ಲಿ ಬರೆದಿಡಿ. ಮುಂದಿನ ವರ್ಷ ಸಮಿತಿ ಬದಲಾದರೂ ಲೆಕ್ಕ ಅಲ್ಲೇ ಇರುತ್ತದೆ.

ಬಾವಿ ಕೆರೆಸಲು ಸ್ವಯಂಸೇವಕರು ಇಳಿಯುವುದು ಬೇಡ, ಆ ಕೆಲಸದವರನ್ನೇ ಕರೆಸಿ. ಪೆಟ್ರೋಲ್, ಡೀಸೆಲ್ ಪಂಪನ್ನು ಯಾವ ಕಾರಣಕ್ಕೂ ಬಾವಿಯೊಳಗೆ ಇಳಿಸಬಾರದು. ಅದರ ಹೊಗೆ ಒಳಗೆ ನಿಂತು ಇಳಿದವರ ಪ್ರಾಣ ತೆಗೆಯುತ್ತದೆ, ಎತ್ತಲು ಇಳಿದವರದ್ದೂ.

ಪ್ರಶ್ನೆ: ನಮ್ಮ ಶಾಲೆಗೆ ಗುಡ್ಡದೊಳಕ್ಕೆ ಅಡ್ಡ ಕೊರೆದ ಸುರಂಗದ ನೀರು ಪೈಪಿನಲ್ಲಿ ಟ್ಯಾಂಕಿಗೆ ಬರುತ್ತದೆ. ಸುರಂಗದೊಳಗೆ ಪೌಡರ್ ಹಾಕುವುದು ಹೇಗೆ?
— ಬಾಯಾರಿನಿಂದ ಒಬ್ಬರು

ಉತ್ತರ: ಸುರಂಗಕ್ಕೆ ಹಾಕಬೇಡಿ. ಹರಿಯುವ ನೀರಿಗೆ ಅಳತೆ ಸಿಗುವುದಿಲ್ಲ, ಹಾಕಿದ್ದು ಅರ್ಧ ಗಂಟೆಯಲ್ಲಿ ಕೊಚ್ಚಿ ಹೋಗುತ್ತದೆ. ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ ಬಾವಲಿ ಹೊಗದಂತೆ ಮಾಡಿ, ಶುದ್ಧೀಕರಣವನ್ನು ಟ್ಯಾಂಕಿನಲ್ಲಿ ಮಾಡಿ.

ಎರಡು ತಿಂಗಳು ಮುಚ್ಚಿದ್ದ ಟ್ಯಾಂಕನ್ನು ಖಾಲಿ ಮಾಡಿ, ಗೋಡೆ ತಳ ಎರಡನ್ನೂ ಬ್ರಷ್‌ನಿಂದ ಉಜ್ಜಿ, ಕೆಸರನ್ನು ವಾಷ್‌ಔಟ್ ಪೈಪಿನಿಂದ ಹೊರಬಿಡಿ. ಮತ್ತೆ ತುಂಬಿಸಿ 1,000 ಲೀಟರಿಗೆ 150 ಗ್ರಾಂ ಪೌಡರಿನ ತಿಳಿ ಬೆರೆಸಿ. ಕ್ಲೋರಿನ್ ವಾಸನೆ ಬರುವವರೆಗೆ ಪ್ರತಿ ನಲ್ಲಿಯನ್ನೂ ಒಮ್ಮೆ ತೆರೆದು ಮುಚ್ಚಿ. ಪೈಪಿನ ಒಳಗೂ ಔಷಧ ಮುಟ್ಟಲಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಪೂರ್ತಿ ಹೊರಬಿಡಿ. ಈ ನೀರು ಕುಡಿಯಲು ಅಲ್ಲ. ನಲ್ಲಿಗಳಿಗೆ ಆ ರಾತ್ರಿ ಗೋಣಿ ಕಟ್ಟಿದ್ದರೆ ಒಳ್ಳೆಯದು, ಆಟವಾಡಲು ಬರುವ ಹುಡುಗರು ಓದದೆ ಇರುವ ಬೋರ್ಡಿಗಿಂತ ಅದು ಮೇಲು. ಆಮೇಲಿನ ದಿನಬಳಕೆಗೆ 25 ಗ್ರಾಂ ಪೌಡರನ್ನು ಒಂದು ಲೀಟರ್ ನೀರಿನಲ್ಲಿ ಕಲಸಿ ತಿಳಿ ತೆಗೆದರೆ, ಅದರಲ್ಲಿ 100 ಮಿಲಿ ಸಾವಿರ ಲೀಟರಿಗೆ ಸರಿ.

ಪ್ರಶ್ನೆ: ಹಂಚಿನ ಮಾಡು ಎರಡು ವರ್ಷದಿಂದ ಒಂದೇ ಕಡೆ ಸೋರುತ್ತಿದೆ. ಹಂಚು ಬದಲಿಸಿಯೂ ಆಯಿತು. ಪ್ಲಾಸ್ಟಿಕ್ ಶೀಟ್ ಹೊದೆಸಬಹುದೇ?
— ರಕ್ಷಕರು, ಪೈವಳಿಕೆ

ಉತ್ತರ: ನೀರು ಬೀಳುವ ಜಾಗದ ನೇರ ಮೇಲಿನ ಹಂಚನ್ನು ಬದಲಿಸಿರುತ್ತೀರಿ. ತೂತು ಅಲ್ಲಿರುವುದಿಲ್ಲ. ಒಳಗೆ ಬಂದ ನೀರು ರೀಪು (ಹಂಚು ಕೂರುವ ಮರದ ಪಟ್ಟಿ), ಪಕ್ಕಾಸಿನ (ರೀಪನ್ನು ಹೊರುವ ಇಳಿಜಾರು ಮರ) ಮೇಲೆ ಹರಿದು ಎಲ್ಲೋ ಕೆಳಗೆ ತೊಟ್ಟಿಕ್ಕುತ್ತದೆ. ಬಿಸಿಲಿನ ಮಧ್ಯಾಹ್ನ ತರಗತಿಯ ಬಾಗಿಲು, ಕಿಟಕಿ ಮುಚ್ಚಿ ಕತ್ತಲೆ ಮಾಡಿ ಮೇಲೆ ನೋಡಿ. ಸೂಜಿಮೊನೆಯಷ್ಟು ಬೆಳಕು ಬಂದರೂ ಆ ರೀಪಿಗೆ ಚಾಕ್ ಗುರುತು ಹಾಕಿ. ಸೋರುವ ಕಲೆಯಿಂದ ಮಾಡಿನ ನೆತ್ತಿಯ ಕಡೆಗೆ ಹುಡುಕುತ್ತಾ ಹೋಗಿ.

ಬೆಳಕೇ ಕಾಣದಿದ್ದರೆ ಹಾವಸೆ ಇರಬೇಕು. ಎರಡು ಹಂಚು ಒಂದರ ಮೇಲೊಂದು ಕೂರುವ ಗಾಡಿಯಲ್ಲಿ (ಹಂಚಿನ ಅಂಚಿನ ತೋಡಿನಲ್ಲಿ) ಹಾವಸೆ, ತರಗೆಲೆ ಕಟ್ಟಿದರೆ ನೀರು ಅಲ್ಲಿ ತಡೆದು ಹಿಂದಕ್ಕೆ ಏರಿ ಒಳಗೆ ಇಳಿಯುತ್ತದೆ. ಒಣಗಿರುವಾಗಲೇ ಗಟ್ಟಿ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಕೆರೆಯಬೇಕು. ಹಂಚೂ ಸರಿ, ಗಾಡಿಯೂ ಸ್ವಚ್ಛ ಎಂದಾದರೆ ಪಕ್ಕಾಸು ಬಾಗಿ ಮಾಡಿನ ಇಳಿಜಾರು ಕಡಿಮೆಯಾಗಿದೆ. ಸ್ಕ್ರೂಡ್ರೈವರಿನಿಂದ ಪಕ್ಕಾಸಿನ ತುದಿ, ಗೋಡೆಯ ಮೇಲೆ ಕೂರುವ ಭಾಗ ಚುಚ್ಚಿ ನೋಡಿ. ಸಲೀಸಾಗಿ ಒಳಹೊಕ್ಕರೆ ಒರಲೆ ತಿಂದಿದೆ. ಅಲ್ಲಿಗೆ ಶ್ರಮದಾನ ನಿಲ್ಲಿಸಿ ಎಂಜಿನಿಯರರಿಗೆ ತಿಳಿಸಿ. ಆ ಕೋಣೆಯಲ್ಲಿ ತರಗತಿ ಬೇಡ.

ಹೊಸ ಹಂಚು ತರುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದೇ ಹೋಗಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ರೀತಿ, ನೋಡಲು ಒಂದೇ ಥರ ಕಂಡರೂ ಗಾಡಿ ಕೂರುವುದಿಲ್ಲ. ಹಳೆ ಮನೆ ಕೆಡವಿದಲ್ಲಿ ಸಿಗುವ ಹಂಚಾದರೆ ಬೆರಳಿನಿಂದ ತಟ್ಟಿ ನೋಡಿ: ಟಣ್ ಎಂದರೆ ತನ್ನಿ, ಬೊದ್ ಎಂದರೆ ಸೀಳಿದೆ. ಪ್ಲಾಸ್ಟಿಕ್ ಶೀಟ್ ಒಂದು ಮಳೆಗಾಲ ತಳ್ಳಲು ಸಾಕು, ಆದರೆ ಅದರ ಅಡಿಯಲ್ಲಿ ಗಾಳಿಯಾಡದೆ ಮರ ಬೇಗ ಕೊಳೆಯುತ್ತದೆ.

ಪ್ರಶ್ನೆ: ಶಾಲೆಯ ಅಂಗಳದಲ್ಲಿ ದೊಡ್ಡ ಅಕೇಶಿಯಾ ಮರಗಳಿವೆ. ನಾವೇ ಕಡಿಯಬಹುದೇ?
— ಪುತ್ತಿಗೆ ಕಡೆಯ ಓದುಗರು

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. 2023ರ ಜುಲೈಯಲ್ಲಿ ನಿಮ್ಮ ಪಂಚಾಯತಿನ ಅಂಗಡಿಮೊಗರಿನಲ್ಲೇ ಶಾಲಾ ಆವರಣದ ಮರ ಬಿದ್ದು ಆರನೇ ತರಗತಿಯ ಹುಡುಗಿ ತೀರಿಕೊಂಡಳು. ಆದರೂ ಸರಕಾರಿ ಜಾಗದ ಮರವನ್ನು ಬುಡದಿಂದ ಕಡಿಯಲು ಅನುಮತಿ, ಸಾಮಾಜಿಕ ಅರಣ್ಯ ವಿಭಾಗದ ಬೆಲೆ ನಿಗದಿ ಎಲ್ಲ ಆಗಬೇಕು. ಅರ್ಜಿಯನ್ನು ಹೆಡ್‌ಮಾಸ್ಟರರ ಮೂಲಕ ಮಾರ್ಚಿನಲ್ಲೇ ಕೊಟ್ಟರೆ ಒಳ್ಳೆಯದು. ತಡವಾಗಿದ್ದರೆ ಒಪ್ಪಿಗೆ ಪಡೆದು ಮಾಡಿನ ಕಡೆ, ದಾರಿಯ ಕಡೆ ಚಾಚಿದ ಗೆಲ್ಲುಗಳನ್ನಾದರೂ ಇಳಿಸಿ.

ಅರ್ಜಿಯಲ್ಲಿ "ಅಪಾಯಕಾರಿ" ಎಂದಷ್ಟೇ ಬರೆಯದೆ ಕಂಡದ್ದನ್ನು ಬರೆಯಿರಿ: ಬುಡದಲ್ಲಿ ಅಣಬೆ ಎದ್ದಿದೆಯೇ, ಮರ ವಾಲಿದ ಕಡೆಯ ಎದುರು ಬದಿಯಲ್ಲಿ ಮಣ್ಣು ಬಿರಿದಿದೆಯೇ, ಕಾಂಪೌಂಡ್ ಗೋಡೆಗೆ ಜೆಸಿಬಿ ಬಂದಾಗ ಬೇರು ಕಡಿದಿದೆಯೇ. ಮುರಕಲ್ಲಿನ ನೆಲದಲ್ಲಿ ಬೇರು ಆಳಕ್ಕಿಳಿಯದೆ ಪಕ್ಕಕ್ಕೆ ಹರಡುತ್ತದೆ, ಹಾಗಾಗಿ ಒಂದು ಬದಿಯ ಬೇರು ಹೋದ ಮರಕ್ಕೆ ಆ ಬದಿಯ ಹಿಡಿತವೇ ಇಲ್ಲ. ಗೆಲ್ಲಿನ ಹತ್ತಿರ ಕರೆಂಟ್ ಲೈನ್ ಇದ್ದರೆ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಮಾಡಿಸದೆ ಕತ್ತಿ ಎತ್ತಬೇಡಿ. ಅಲ್ಯೂಮಿನಿಯಂ ಏಣಿ, ಹಸಿ ಬಿದಿರಿನ ದೋಟಿ ಎರಡೂ ಅಲ್ಲಿ ಬೇಡ.

ಪ್ರಶ್ನೆ: ಶೌಚಾಲಯ ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡೂ ಹಾಕಿದರೆ?
— ಕುಟುಂಬಶ್ರೀ ಸದಸ್ಯೆಯರು, ಕುಂಬಳೆ

ಉತ್ತರ: ಎರಡನ್ನು ಒಟ್ಟಿಗೆ ಎಂದೂ ಹಾಕಬೇಡಿ. ಆಸಿಡ್ ತಾಗಿದ ಕೂಡಲೇ ಪೌಡರಿನಿಂದ ಕ್ಲೋರಿನ್ ಅನಿಲ ಏಳುತ್ತದೆ, ಆ ಸಣ್ಣ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಒಂದು ದಿನ ಒಂದು, ನಡುವೆ ಧಾರಾಳ ನೀರು.

ನಿಮ್ಮ ವಾಸನೆಗೆ ಕಾರಣ ಬಹುಶಃ ಕೊಳೆಯಲ್ಲ. ಎರಡು ತಿಂಗಳು ಯಾರೂ ನೀರು ಹಾಕದ ಕಾರಣ ನೆಲದ ಜಾಲರಿಯಡಿಯ ಟ್ರ್ಯಾಪ್ ಒಣಗಿದೆ. ಪೈಪಿನ ಆ ಬಾಗಿದ ಭಾಗದಲ್ಲಿ ನಿಲ್ಲುವ ನೀರೇ ಗುಂಡಿಯ ಗಾಳಿಗೆ ಅಡ್ಡ. ಪ್ರತಿ ಜಾಲರಿಗೂ ಅರ್ಧ ಬಕೆಟ್ ನೀರು ಸುರಿದು ಒಂದು ದಿನ ನೋಡಿ. ಮತ್ತೆ ಒಣಗಿದರೆ ಟ್ರ್ಯಾಪ್ ಸೀಳಿದೆ, ಪ್ಲಂಬರ್ ಬೇಕು.

ಪ್ರಶ್ನೆ: ಹಳೆ ಕಪ್ಪು ಹಲಗೆಗೆ ಪೈಂಟ್ ಹೊಡೆದ ಮೇಲೆ ಮೊದಲ ದಿನ ಬರೆದ ಅಕ್ಷರ ಒರೆಸಿದರೂ ಹೋಗಲೇ ಇಲ್ಲ. ಏಕೆ?
— ಅಧ್ಯಾಪಿಕೆ, ಮುಳ್ಳೇರಿಯ

ಉತ್ತರ: ಹೊಸ ಬಣ್ಣದ ಸಣ್ಣ ರಂಧ್ರಗಳಲ್ಲಿ ಮೊದಲ ಚಾಕ್ ಗೀರು ಸೇರಿಕೊಂಡು ಅಲ್ಲೇ ಉಳಿಯುತ್ತದೆ. ಬಣ್ಣ ಎರಡು ಮೂರು ದಿನ ಒಣಗಿದ ಮೇಲೆ ಚಾಕನ್ನು ಅಡ್ಡ ಮಲಗಿಸಿ ಇಡೀ ಹಲಗೆಗೆ, ಒಮ್ಮೆ ಮೇಲಿಂದ ಕೆಳಕ್ಕೆ, ಒಮ್ಮೆ ಎಡದಿಂದ ಬಲಕ್ಕೆ ತಿಕ್ಕಿ ಒಣ ಬಟ್ಟೆಯಿಂದ ಒರೆಸಿಬಿಡಿ. ರಂಧ್ರಗಳು ಎಲ್ಲ ಕಡೆ ಒಂದೇ ಸಮ ತುಂಬಿದರೆ ಅಕ್ಷರದ ಗುರುತು ನಿಲ್ಲುವುದಿಲ್ಲ. ಈಗಿರುವುದನ್ನು 120 ನಂಬ್ರದ ಮರಳು ಕಾಗದದಿಂದ ಉಜ್ಜಿ ಇನ್ನೊಂದು ಕೋಟ್ ಕೊಡಬೇಕಾದೀತು. ಎಂಟಕ್ಕೆ ನಾಲ್ಕು ಅಡಿ ಹಲಗೆಗೆ ಎರಡು ಕೋಟಿಗೆ ಅರ್ಧ ಲೀಟರ್ ಡಬ್ಬಿ ಸಾಕು. ಹೊಳೆಯುವ ಎನಾಮಲ್ ಬೇಡ, ಕಿಟಕಿಯ ಬೆಳಕು ಬಿದ್ದು ಹಿಂದಿನ ಬೆಂಚಿಗೆ ಏನೂ ಕಾಣಿಸುವುದಿಲ್ಲ.

ಪ್ರಶ್ನೆ: ಒಂದನೇ ತರಗತಿಯ ಗೋಡೆಯಲ್ಲಿ ಕನ್ನಡ ವರ್ಣಮಾಲೆ ಬರೆಸಿದೆವು. ಪೈಂಟರಿಗೆ ಕನ್ನಡ ಗೊತ್ತಿರಲಿಲ್ಲ, ತಪ್ಪುಗಳು ಉಳಿದವು.
— ಮಂಜೇಶ್ವರದಿಂದ

ಉತ್ತರ: ಮಲಯಾಳಂ ಮಾತ್ರ ಬಲ್ಲ ಪೈಂಟರಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿ "ಹೀಗೆ ಬರೆಯಿರಿ" ಎಂದರೆ ದ–ಧ, ಪ–ಷ–ಫ ಒಂದಾಗಿಬಿಡುವುದು ಅವರ ತಪ್ಪಲ್ಲ. ಅಕ್ಷರವನ್ನು ಗೋಡೆಗೆ ಬೇಕಾದ ಗಾತ್ರದಲ್ಲೇ ಮುದ್ರಿಸಿ, ರಟ್ಟಿಗೆ ಅಂಟಿಸಿ ಕತ್ತರಿಸಿ ಅಚ್ಚು ಮಾಡಿ ಕೊಡಿ. ಬಣ್ಣಕ್ಕೆ ಮೊದಲು ಪೆನ್ಸಿಲ್ ಗೆರೆಯಲ್ಲೇ ಕನ್ನಡ ಅಧ್ಯಾಪಕರೊಬ್ಬರು ಎಣಿಸಿ ನೋಡಲಿ: 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಕೊನೆಯಲ್ಲಿ ಜಾಗ ಸಾಲದೆ ಬಿಟ್ಟುಹೋಗುವುದು ಹೆಚ್ಚಾಗಿ ಳ. ಎತ್ತರವೂ ಗಮನಿಸಿ, ಒಂದನೇ ತರಗತಿಯ ಮಗು ಬೆರಳಿಟ್ಟು ತಿದ್ದಬೇಕಾದರೆ ಮೇಲಿನ ಸಾಲು ನೆಲದಿಂದ ನಾಲ್ಕು ಅಡಿ ಮೀರಬಾರದು.

ಪ್ರಶ್ನೆ: ತರಗತಿಯ ನೆಲದಲ್ಲಿ ಬಿಲಗಳಿವೆ. ಬೆಳ್ಳುಳ್ಳಿ, ಫಿನಾಯಿಲ್ ಹಾಕಿದರೆ ಹಾವು ಬರುವುದಿಲ್ಲವೇ?
— ಓದುಗರು, ಬೆಳ್ಳೂರು

ಉತ್ತರ: ಅದನ್ನು ನಂಬಿ ಬಿಲ ತೆರೆದಿಡಬೇಡಿ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೇ ತರಗತಿಯ ಹುಡುಗಿ ತರಗತಿಯೊಳಗೇ ಹಾವು ಕಚ್ಚಿ ತೀರಿಕೊಂಡದ್ದು ನೆಲದ ತೂತಿನಿಂದಾಗಿ. ಸಡಿಲ ಮಣ್ಣು ಕೆರೆದು ತೆಗೆದು, ಜಲ್ಲಿ ತುಂಬಿ ಗುದ್ದಿ, ಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ಹಾಕಿ. ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹೊಡೆಯಿರಿ. ಗೋಡೆಗೆ ತಾಗಿಸಿ ಪೇರಿಸಿದ ಹಳೆ ಹಂಚು, ಬಿಸಿಯೂಟದ ಕಟ್ಟಿಗೆ ಎರಡನ್ನೂ ಕಟ್ಟಡದಿಂದ ದೂರ ಸಾಗಿಸಿ. ಕೈಯಿಂದಲ್ಲ, ಮೊದಲು ಕೋಲಿನಿಂದ ಕೆದಕಿ. ಹಾವು ಕಂಡರೆ ಅರಣ್ಯ ಇಲಾಖೆಯ 'ಸರ್ಪ' ಆ್ಯಪಿನಲ್ಲಿ ಹತ್ತಿರದ ತರಬೇತಾದ ಹಿಡಿಯುವವರ ನಂಬ್ರ ಸಿಗುತ್ತದೆ. ಇಲಿ ಹಿಕ್ಕೆ ಇರುವ ಸ್ಟೋರ್‌ರೂಮ್ ಗುಡಿಸುವವರು ಗ್ಲೌಸ್, ಬೂಟು ಹಾಕಿ, ನೆಲ ನೆನೆಸಿಯೇ ಗುಡಿಸಲಿ. ಕೆಸರು ನೀರಿನಲ್ಲಿ ನಿಂತು ಕೆಲಸ ಮಾಡುವವರು ಇಲಿಜ್ವರದ ಮುನ್ನೆಚ್ಚರಿಕೆಯ ಮಾತ್ರೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಲಿ, ಕೆಲಸದ ಹಿಂದಿನ ದಿನವೇ.