ಸಂಬಳ ಬೇಡವೆಂದರೂ ಅದು ಕೆಲಸವೇ: ವಿದೇಶಿ ಬೇಸಿಗೆ ಶಿಬಿರಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಜನವರಿ ಬಂತೆಂದರೆ, ವಿದೇಶದ ಮಕ್ಕಳ ಶಿಬಿರಗಳಲ್ಲಿ ದುಡಿಯುವ ಬಗ್ಗೆ ನನಗೆ ಬರುವ ಪತ್ರಗಳೆಲ್ಲ ಒಂದೇ ಧಾಟಿಯವು. ವೀಸಾ ಸಿಗುತ್ತದಾ, ಎಷ್ಟು ಖರ್ಚಾಗುತ್ತದೆ, ಬಯೋಡೇಟಾಗೆ ಉಪಯೋಗ ಆಗುತ್ತದಾ. ಈ ಸಲದ ಕಟ್ಟು ಪೂರ್ತಿ ಓದಿದೆ. ಶಿಬಿರಕ್ಕೆ ಬರುವ ಮಕ್ಕಳ ಬಗ್ಗೆ ಕೇಳಿದವರು ಒಬ್ಬರೇ. ಅವರ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪಾಸ್‌ಪೋರ್ಟ್ ಮಾಡಿಸುವುದು, ಟಿಕೆಟ್ ಕಾಯ್ದಿರಿಸುವುದು ಇವೆಲ್ಲ ನಿಮಗೇ ಗೊತ್ತಿರುವಂಥವು, ಅವನ್ನು ಇಲ್ಲಿ ಹೇಳುವುದಿಲ್ಲ.

ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ವಯಸ್ಸು 20. ಅಮೆರಿಕದ ಮಕ್ಕಳ ಸಮ್ಮರ್ ಕ್ಯಾಂಪಿನಲ್ಲಿ ಸ್ವಯಂಸೇವಕನಾಗಿ ದುಡಿಯುವ ಆಸೆ. ಏಜೆಂಟ್ ಒಬ್ಬರು ‘ಸಂಬಳ ಇಲ್ಲದ ಮೇಲೆ ಅದು ಕೆಲಸವೇ ಅಲ್ಲ, ಟೂರಿಸ್ಟ್ ವೀಸಾದಲ್ಲೇ ಹೋಗಿಬನ್ನಿ’ ಅನ್ನುತ್ತಾರೆ. ಒಂದೂವರೆ ಲಕ್ಷ ಮುಂಗಡ ಕೇಳಿದ್ದಾರೆ. ಕೊಡಬಹುದೇ?

ಕೊಡಬೇಡಿ. ಕೊಟ್ಟಾಗಿದ್ದರೆ ಇವತ್ತೇ ವಾಪಸ್ ಕೇಳಿ. ಈ ‘ಸಂಬಳ ಇಲ್ಲ, ಹಾಗಾಗಿ ಕೆಲಸ ಅಲ್ಲ’ ಎಂಬ ಮಾತನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ ಎಂದರೆ, ಅದನ್ನು ಹೇಳುವವರ ಮೇಲೆ ನನಗೆ ಈಗ ಸಿಟ್ಟು ಮಾತ್ರ ಉಳಿದಿದೆ. ವಿಮಾನ ನಿಲ್ದಾಣದ ಅಧಿಕಾರಿ ‘ಯಾಕೆ ಬಂದಿರಿ’ ಎಂದು ಕೇಳಿದಾಗ ನೀವು ನಿಜ ಹೇಳಿದರೆ ವಾಪಸ್ ಕಳಿಸುತ್ತಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ದಾಖಲೆಯಲ್ಲಿ ಉಳಿದು, ಮುಂದೆ ಓದಲು ಹೋಗುವಾಗಲೂ ಅಡ್ಡ ಬರುತ್ತದೆ. ಏಜೆಂಟ್ ಆಗ ಫೋನ್ ಎತ್ತುವುದಿಲ್ಲ.

ಈ ಕೆಲಸಕ್ಕೆಂದೇ ಅಮೆರಿಕದಲ್ಲಿ ಒಂದು ವೀಸಾ ಇದೆ. ಜೆ-1 ಅದರ ಹೆಸರು, ಅದರೊಳಗೆ ಕ್ಯಾಂಪ್ ಕೌನ್ಸೆಲರ್ (ಶಿಬಿರದಲ್ಲಿ ಮಕ್ಕಳ ಜೊತೆಗಿದ್ದು ನೋಡಿಕೊಳ್ಳುವವರು) ಎಂಬ ಪ್ರತ್ಯೇಕ ವಿಭಾಗ. ಬೇರೆ ಬೇರೆ ದೇಶದವರು ಒಬ್ಬರನ್ನೊಬ್ಬರು ತಿಳಿಯಲಿ ಎಂದು 1961ರಲ್ಲಿ ಮಾಡಿದ ಫುಲ್‌ಬ್ರೈಟ್-ಹೇಸ್ ಕಾಯ್ದೆ ಇದರ ಬುಡ. ನಿಮಗೆ 18 ತುಂಬಿರಬೇಕು. ವಿದ್ಯಾರ್ಥಿ, ಶಿಕ್ಷಕ, ಮಕ್ಕಳು-ಯುವಕರ ಜೊತೆ ಕೆಲಸ ಮಾಡಿದವರು ಅಥವಾ ಯಾವುದಾದರೂ ವಿಶೇಷ ವಿದ್ಯೆ ಬಲ್ಲವರು, ಇವರಲ್ಲಿ ಒಬ್ಬರಾಗಿರಬೇಕು. ಹೆಚ್ಚೆಂದರೆ 4 ತಿಂಗಳು ಕೆಲಸ ಮಾಡಬಹುದು. ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಪ್ರಾಯೋಜಕ ಸಂಸ್ಥೆಯೊಂದು ನಿಮ್ಮನ್ನು ಸಂದರ್ಶಿಸಿ, ನಿಮ್ಮನ್ನು ಬಲ್ಲವರಿಂದ ಶಿಫಾರಸು ತರಿಸಿಕೊಂಡು, ಡಿಎಸ್-2019 ಎಂಬ ಪತ್ರ ಕೊಡುತ್ತದೆ. ಆಮೇಲೆಯೇ ವೀಸಾ ಸಂದರ್ಶನ. ಮಾನ್ಯ ಸಂಸ್ಥೆಗಳ ಪಟ್ಟಿ ಆ ಇಲಾಖೆಯ ಜೆ-1 ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ನಿಮ್ಮ ಏಜೆಂಟ್ ಯಾವ ಸಂಸ್ಥೆಯ ಪರವಾಗಿ ಮಾತಾಡುತ್ತಿದ್ದಾನೆ ಎಂದು ಕೇಳಿ, ಆ ಹೆಸರು ಪಟ್ಟಿಯಲ್ಲಿದೆಯಾ ನೋಡಿ.

ಇನ್ನೊಂದು ವಿಷಯ. ಈ ವಿಭಾಗದಲ್ಲಿ ಬಂದವರಿಗೆ, ಅದೇ ಕೆಲಸ ಮಾಡುವ ಅಮೆರಿಕನ್ನರಿಗೆ ಸಮನಾದ ಸಂಬಳ-ಸವಲತ್ತು ಕೊಡಬೇಕೆಂಬ ನಿಯಮವಿದೆ. ಅಡುಗೆ, ಪಾತ್ರೆ ತೊಳೆಯುವುದು, ಕಸ ಗುಡಿಸುವುದು, ಆಫೀಸು ಕೆಲಸ ಇವಕ್ಕೆ ಕೌನ್ಸೆಲರ್ ಹೆಸರಿನಲ್ಲಿ ನೇಮಿಸಿಕೊಳ್ಳುವಂತಿಲ್ಲ. ಆದ್ದರಿಂದ ‘ಬಿಟ್ಟಿ ಸೇವೆ’ ಎಂದವನೂ ಸುಳ್ಳುಗಾರ, ‘ಕೌನ್ಸೆಲರ್ ಅಂತ ಹೋಗಿ, ಅಡುಗೆಮನೆಯಲ್ಲಿ ಇರಿ’ ಎಂದವನೂ ಸುಳ್ಳುಗಾರ.

ಶಿಬಿರ ಎಂಥದು ಎಂದು ನೀವೇ ನೋಡಿಕೊಳ್ಳಿ. 1910ರಿಂದ ಇರುವ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಮಾನ್ಯತೆ ಕೊಡುವ ಮುನ್ನ ನೌಕರರ ಹಿನ್ನೆಲೆ ತಪಾಸಣೆ, ಈಜುವ ಜಾಗದ ಭದ್ರತೆ, ವೈದ್ಯಕೀಯ ವ್ಯವಸ್ಥೆ ಎಲ್ಲ ಪರಿಶೀಲಿಸುತ್ತದೆ. ನಾನಾದರೆ ಆ ಮಾನ್ಯತೆ ಇಲ್ಲದ ಕಡೆ ಮೊದಲ ವರ್ಷವೇ ಹೋಗುವುದಿಲ್ಲ. ಅಲ್ಲಿನ ಶಿಬಿರಗಳು ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಅದಕ್ಕೂ ಮುಂಚೆ ಒಂದು ವಾರದಷ್ಟು ತರಬೇತಿ. ನಮ್ಮ ಸೆಮಿಸ್ಟರ್ ಪರೀಕ್ಷೆಗಳು ಸರಿಯಾಗಿ ಅದರ ಮೇಲೆಯೇ ಬಂದು ಬೀಳುತ್ತವೆ. ಕಾಲೇಜಿನಲ್ಲಿ ವಿಚಾರಿಸದೆ ಅರ್ಜಿ ಹಾಕಿ, ಮೇ ತಿಂಗಳಲ್ಲಿ ‘ಬರಲಾಗುವುದಿಲ್ಲ’ ಎಂದರೆ ಅಲ್ಲಿ ಹತ್ತು ಮಕ್ಕಳು ಮಲಗುವ ಕ್ಯಾಬಿನ್ನಿಗೆ ಆಳಿಲ್ಲದಂತಾಗುತ್ತದೆ.

ಈಗ ಕೆಲಸದ ಮಾತು. ನಮ್ಮೂರಿನ ಬೇಸಿಗೆ ಶಿಬಿರಗಳಲ್ಲಿ ಮಕ್ಕಳು ಬೆಳಿಗ್ಗೆ ಬಂದು ಸಂಜೆಗೆ ಮನೆಗೆ ಹೋಗುತ್ತಾರೆ. ಅಲ್ಲಿನ ವಸತಿ ಶಿಬಿರದಲ್ಲಿ ನೀವು ಅವರ ಕ್ಯಾಬಿನ್ನಿನಲ್ಲೇ ಮಲಗುತ್ತೀರಿ. ರಾತ್ರಿ ಎರಡು ಗಂಟೆಗೆ ಹಾಸಿಗೆ ಒದ್ದೆ ಮಾಡಿಕೊಂಡ ಹುಡುಗನ ಹೊದಿಕೆಯನ್ನು, ಉಳಿದವರಿಗೆ ತಿಳಿಯದಂತೆ ಬದಲಿಸುವುದು ನಿಮ್ಮ ಕೆಲಸ. ಯಾರಿಗೆ ಕಡಲೆಬೀಜ ಆಗಿಬರುವುದಿಲ್ಲ, ಅವರ ಎಪಿಪೆನ್ (ಅಲರ್ಜಿ ಜೋರಾದಾಗ ತಕ್ಷಣ ಚುಚ್ಚುವ ಇಂಜೆಕ್ಷನ್) ಎಲ್ಲಿದೆ ಎಂಬುದು ನಿದ್ದೆಗಣ್ಣಲ್ಲೂ ನೆನಪಿರಬೇಕು. ಕಾಡು ಸುತ್ತಿ ಬಂದ ಮೇಲೆ ಉಣ್ಣೆ ಹುಳ ಕಚ್ಚಿದೆಯಾ ಎಂದು ನೋಡಿಕೊಳ್ಳಲು ಹೇಳಬೇಕು, ಲೈಮ್ ಕಾಯಿಲೆ ಹರಡುವುದು ಅದರಿಂದಲೇ. ತಲೆನೋವು ಎಂದ ಮಗುವಿಗೆ ನಿಮ್ಮ ಚೀಲದ ಮಾತ್ರೆ ಕೊಡಬೇಡಿ. ಔಷಧಿ ಕೊಡುವುದು ನರ್ಸ್ ಕೆಲಸ.

ನಮ್ಮವರು ಎಡವುವುದು ಹೆಚ್ಚಾಗಿ ಪ್ರೀತಿಯಲ್ಲಿ. ಮಕ್ಕಳ ಕೆನ್ನೆ ಹಿಂಡುತ್ತೇವೆ, ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ, ಹಟ ಮಾಡಿದರೆ ಬೆನ್ನಿಗೆ ಒಂದು ಕೊಡುತ್ತೇವೆ. ಅಲ್ಲಿ ಮೂರೂ ಸಲ್ಲದು. ಒಂದೇ ಮಗುವಿನ ಜೊತೆ ಬೇರೆಯವರ ಕಣ್ಣಿಗೆ ಬೀಳದ ಜಾಗದಲ್ಲಿ ಇರಬಾರದು. ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಬಾರದು. ಮಗು ‘ಯಾರಿಗೂ ಹೇಳಬೇಡಿ’ ಎಂದು ಮನೆಯಲ್ಲಿ ನಡೆದ ಹಿಂಸೆಯ ಸಂಗತಿ ಹೇಳಿಕೊಂಡರೆ ‘ಹೇಳಲ್ಲ’ ಎಂದು ಭಾಷೆ ಕೊಡಬೇಡಿ. ಅದನ್ನು ಮೇಲಿನವರಿಗೆ ತಿಳಿಸುವುದು ನಿಮ್ಮ ಕರ್ತವ್ಯ, ಎಷ್ಟೋ ರಾಜ್ಯಗಳಲ್ಲಿ ಕಾನೂನೇ ಹಾಗೆ ಹೇಳುತ್ತದೆ.

ಇದನ್ನೆಲ್ಲ ಓದಿಯೂ ಮನಸ್ಸಿದ್ದರೆ, ನೀವು ಮೈಸೂರಿನವರೇ ಆದ್ದರಿಂದ, ಬರುವ ಏಪ್ರಿಲ್-ಮೇ ತಿಂಗಳಲ್ಲಿ ರಂಗಾಯಣದ ಮಕ್ಕಳ ಬೇಸಿಗೆ ಶಿಬಿರ ಚಿಣ್ಣರ ಮೇಳದಲ್ಲಿ ಕೈಜೋಡಿಸಲು ಆಗುತ್ತದಾ ಕೇಳಿ. ಸ್ಕೌಟ್ಸ್ ಮತ್ತು ಗೈಡ್ಸ್‌ನವರ ಶಿಬಿರವಾದರೂ ಸರಿ. ಮೂರು ವಾರ ಮಕ್ಕಳ ಗಲಾಟೆಯಲ್ಲಿ ಕಳೆದ ಮೇಲೂ ಆಸೆ ಉಳಿದಿದ್ದರೆ ಮುಂದಿನ ವರ್ಷಕ್ಕೆ ಅರ್ಜಿ ಹಾಕಿ.

ಶಿಬಿರ ಮುಗಿದ ಮೇಲೆ ಅಲ್ಲೇ ಕೆಲಸದ ವೀಸಾಕ್ಕೆ ಬದಲಿಸಿಕೊಳ್ಳಬಹುದಾ?

ಆ ಲೆಕ್ಕ ಇಟ್ಟುಕೊಂಡವರು ದಯವಿಟ್ಟು ಮಕ್ಕಳ ಶಿಬಿರಕ್ಕೆ ಹೋಗಬೇಡಿ.

ಸಸ್ಯಾಹಾರ ಸಿಗುತ್ತದಾ?

ಸಿಗುತ್ತದೆ. ಅರ್ಜಿಯಲ್ಲೇ ಬರೆಯಿರಿ.

ಲಂಡನ್ನಿನಲ್ಲಿ ಚಿಕ್ಕಮ್ಮ ಇದ್ದಾರೆ. ವಿಸಿಟರ್ ವೀಸಾದಲ್ಲಿ ಹೋದಾಗ ಮಕ್ಕಳ ಶಿಬಿರದಲ್ಲಿ ಸೇವೆ ಮಾಡಬಹುದೇ?

ನೋಂದಾಯಿತ ಚಾರಿಟಿಯಾಗಿದ್ದರೆ ಒಟ್ಟು 30 ದಿನದವರೆಗೆ ಮಾಡಬಹುದು, ಆದರೆ ಪ್ರವಾಸದ ಮುಖ್ಯ ಉದ್ದೇಶ ಅದೇ ಆಗಿರಬಾರದು.

ಯುರೋಪಿನ ವರ್ಕ್‌ಕ್ಯಾಂಪ್‌ಗಳು ಅಗ್ಗವಂತೆ, ನಿಜವೇ?

ವರ್ಕ್‌ಕ್ಯಾಂಪ್ ಎಂದರೆ ಹಲವು ದೇಶದವರು ಒಟ್ಟಿಗೆ ಇದ್ದು ಒಂದು ಊರಿಗಾಗಿ ಸಂಬಳವಿಲ್ಲದೆ ದುಡಿಯುವ ಶಿಬಿರ. ಅಗ್ಗ ಎಂಬ ಕಾರಣಕ್ಕಲ್ಲದಿದ್ದರೂ ನನಗೆ ಇವು ಇಷ್ಟ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ನೆಲಸಮವಾದ, ಫ್ರಾನ್ಸಿನ ವೆರ್ಡನ್ ಬಳಿಯ ಎಸ್ನ್ ಎಂಬ ಹಳ್ಳಿಯನ್ನು ಮತ್ತೆ ಕಟ್ಟಲು ಹಲವು ದೇಶದವರನ್ನು ಸೇರಿಸಿದರು. ಇಂಥ ಶಿಬಿರಗಳನ್ನು ನಡೆಸುವ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಹುಟ್ಟಿದ್ದು ಅಲ್ಲಿ. 1934ರ ಬಿಹಾರ ಭೂಕಂಪದ ನಂತರ ಅದೇ ಸೆರೆಸೋಲ್ ಭಾರತಕ್ಕೆ ಬಂದು ಮನೆ ಕಳೆದುಕೊಂಡವರಿಗೆ ಹಳ್ಳಿ ಕಟ್ಟುವ ಕೆಲಸಕ್ಕೆ ನಿಂತರು. ಇವತ್ತು ಇಂಥ ಶಿಬಿರಗಳು ಸಾಮಾನ್ಯವಾಗಿ ಎರಡು ಮೂರು ವಾರದವು, ಮಕ್ಕಳ ಜೊತೆಗಿನವೂ ಇವೆ. ಊಟ ವಸತಿ ಅವರದು, ಪ್ರಯಾಣ ಮತ್ತು ಭಾಗವಹಿಸುವ ಶುಲ್ಕ ನಿಮ್ಮದು. ಆ ಸಂಸ್ಥೆಯ ಭಾರತದ ಶಾಖೆ ಅಥವಾ ಪಾಲುದಾರ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ) ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಯಾವ ಬಗೆಯ ವೀಸಾ ಎಂಬುದನ್ನು ಆಯಾ ದೇಶದ ಕಾನ್ಸುಲೇಟ್ ಬಾಯಿಂದಲೇ ಕೇಳಿ, ಟ್ರಾವೆಲ್ ಏಜೆನ್ಸಿಯ ಬಾಯಿಂದಲ್ಲ.

ಕಾಂಬೋಡಿಯಾದ ಅನಾಥಾಲಯದಲ್ಲಿ 15 ದಿನದ ‘ಸಮ್ಮರ್ ಕ್ಯಾಂಪ್’ ಪ್ಯಾಕೇಜ್ ಇದೆ. ಮಗಳನ್ನು ಕಳಿಸಲೇ?

ಬೇಡ. ಅಲ್ಲಿನ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ವಿದೇಶಿಯರು ದುಡ್ಡು ಕೊಟ್ಟು ನೋಡಲು ಬರುತ್ತಾರೆ ಎಂಬ ಕಾರಣಕ್ಕೇ ಮಕ್ಕಳನ್ನು ಮನೆಯಿಂದ ಎಬ್ಬಿಸಿ ತಂದು ಇಡುವ ದಂಧೆ ಇದೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕೂಡ ಅನಾಥಾಲಯ ಸ್ವಯಂಸೇವೆಯಿಂದ ಆಗುವ ಹಾನಿಯ ಬಗ್ಗೆ ಎಚ್ಚರಿಸಿತು. ಹದಿನೈದು ದಿನಕ್ಕೊಬ್ಬ ಹೊಸ ಅಕ್ಕ ಬಂದು ಮುದ್ದಾಡಿ ಹೊರಟುಹೋಗುವುದು ಆ ಮಕ್ಕಳಿಗೆ ಮಾಡುವ ಸೇವೆಯಲ್ಲ. ಈ ಪ್ಯಾಕೇಜ್ ಮಾರುವವರಿಗೆ ನಾಚಿಕೆಯಾಗಬೇಕು.

ನನಗೆ ಜೂನ್‌ನಲ್ಲಿ ಮೊದಲ ಶಿಬಿರ. ಮನೆ ನೆನೆದು ಅಳುವ ಮಗುವಿಗೆ ಏನು ಹೇಳಲಿ?

ಇಂಥ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಪೆನ್ಸಿಲ್ವೇನಿಯಾದ ಕೆರೆದಂಡೆಯ ಶಿಬಿರದಲ್ಲಿ ನನ್ನ ಮೊದಲ ಬೇಸಿಗೆ. ಒಂಬತ್ತು ವರ್ಷದ ಹುಡುಗ ಎರಡು ರಾತ್ರಿ ಅತ್ತ. ಕರುಳು ಕಿತ್ತುಬಂದು ‘ಇನ್ನೆರಡು ದಿನ ನೋಡು, ಸರಿ ಹೋಗದಿದ್ದರೆ ಅಮ್ಮನ್ನ ಕರೆಸ್ತೀನಿ’ ಅಂದುಬಿಟ್ಟೆ. ಆ ಎರಡು ದಿನ ಅವನು ಯಾವ ಆಟಕ್ಕೂ ಇಳಿಯಲಿಲ್ಲ. ಮೂರನೇ ಬೆಳಿಗ್ಗೆ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದ. ನಾನು ಕೊಟ್ಟ ಮಾತು ಅವನನ್ನು ಶಿಬಿರದಿಂದ ಆಗಲೇ ಹೊರಗೆ ಹಾಕಿತ್ತು. ಅಂಥ ಕರಾರು ಮಾಡಿಕೊಳ್ಳಬೇಡಿ. ‘ಅಳಬಾರದು’ ಅನ್ನಲೂಬೇಡಿ. ಮನೆ ನೆನಪಾಗುವುದು ಸಹಜ, ನನಗೂ ಆಗುತ್ತದೆ ಎಂದು ಹೇಳಿ. ಅಮ್ಮನಿಗೆ ಕಾಗದ ಬರೆಸಿ. ರಾತ್ರಿಯೇ ಹಿರಿಯ ಕೌನ್ಸೆಲರ್‌ಗೆ ತಿಳಿಸಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನನ್ನು ಊಟದ ಮನೆಗೆ ಕರೆದೊಯ್ದು, ತನ್ನ ಕ್ಯಾಬಿನ್ನಿನ ಮೇಜಿಗೆ ತಟ್ಟೆ ಜೋಡಿಸುವ ಕೆಲಸ ಅವನ ಕೈಗೆ ಕೊಡಿ.